ಬೇಕಾಗಿದ್ದಾರೆ: ಊಟ, ವಸತಿ ಉಚಿತ

ದೇಹ ಮಾರಾಟದ ಜಾಹೀರಾತು ಇಂಟರ್‌ನೆಟ್ಟಿನ ಕೂಸೇನಲ್ಲ. ಪತ್ರಿಕೆಗಳ ವರ್ಗೀಕೃತ ಪುಟಗಳಲ್ಲಿ ಸೈಟು, ಹಳೇ ಸ್ಕೂಟರುಗಳ ಪಕ್ಕದಲ್ಲೇ ‘ಫ್ರೆಂಡ್‌ಶಿಪ್ ಕ್ಲಬ್’, ‘ಮಸಾಜ್’ ಎಂಬ ಎರಡು ಸಾಲು ಕಾಣುತ್ತಿದ್ದ ಕಾಲವಿತ್ತು. ಆದರೆ ಅಲ್ಲೊಂದು ಕೌಂಟರ್ ಇತ್ತು, ದುಡ್ಡು ಎಣಿಸಿ ರಸೀದಿ ಹರಿಯುವ ಗುಮಾಸ್ತನಿದ್ದ. ಜಾಲತಾಣ ಮೊದಲು ಇಲ್ಲವಾಗಿಸಿದ್ದು ಆ ಗುಮಾಸ್ತನನ್ನು.

ಅಮೆರಿಕದಲ್ಲಿ 1995ರಲ್ಲಿ ಶುರುವಾದ ವರ್ಗೀಕೃತ ಜಾಹೀರಾತಿನ ತಾಣ ಕ್ರೇಗ್ಸ್‌ಲಿಸ್ಟ್, ಒತ್ತಡಕ್ಕೆ ಮಣಿದು 2010ರಲ್ಲಿ ವಯಸ್ಕರ ವಿಭಾಗವನ್ನು ಮುಚ್ಚಿತು. ವ್ಯಾಪಾರ ಬ್ಯಾಕ್‌ಪೇಜ್ ಎಂಬ ಇನ್ನೊಂದು ತಾಣಕ್ಕೆ ಹೋಯಿತು. 2018ರ ಏಪ್ರಿಲ್‌ನಲ್ಲಿ ಅದನ್ನೂ ಜಪ್ತಿ ಮಾಡಿ, ಅದೇ ತಿಂಗಳು, ದೇಹ ಮಾರಾಟಕ್ಕೆ ನೆರವಾಗುವ ತಾಣಗಳನ್ನು ಶಿಕ್ಷಿಸುವ ಫೋಸ್ಟಾ ಕಾನೂನು ತಂದರು. 2021ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ನೋಡಿದಾಗ, ಆ ಕಾನೂನಿನ ಹೊಸ ಕ್ರಿಮಿನಲ್ ಕಲಮು ಬಳಕೆಯಾಗಿದ್ದು ಒಂದೇ ಒಂದು ಸಲ. ತಾಣಗಳು ಹೊರದೇಶಕ್ಕೆ ಗಂಟುಮೂಟೆ ಕಟ್ಟಿದ್ದವು. ಪೊಲೀಸರಿಗೆ ಸಾಕ್ಷ್ಯ ಸಿಗುವುದು ಇನ್ನಷ್ಟು ಕಷ್ಟವಾಗಿತ್ತು.

ನಮ್ಮಲ್ಲಿ ಎಚ್ಚರ ಮೂಡಿದ್ದು 2004ರಲ್ಲಿ. ಮಹಿಳೆಯೊಬ್ಬರ ಫೋನ್ ನಂಬರನ್ನು ಯಾಹೂ ಗುಂಪಿಗೆ ಹಾಕಿ, ಆಕೆ ದಂಧೆಯವಳೆಂದು ಬಿಂಬಿಸಿದವನಿಗೆ ಚೆನ್ನೈ ನ್ಯಾಯಾಲಯ ನವೆಂಬರ್‌ನಲ್ಲಿ ಶಿಕ್ಷೆ ವಿಧಿಸಿತು. ಮರುತಿಂಗಳು ದೆಹಲಿ ಪೊಲೀಸರು ಬಾಜೀ ಡಾಟ್ ಕಾಮ್ ಮುಖ್ಯಸ್ಥರನ್ನು ಬಂಧಿಸಿದರು. ಶಾಲಾ ವಿದ್ಯಾರ್ಥಿಗಳ ಅಶ್ಲೀಲ ವಿಡಿಯೊ ಅಲ್ಲಿ ಮಾರಾಟಕ್ಕೆ ಬಂದಿತ್ತು. ಉದ್ಯಮ ಗಾಬರಿಬಿತ್ತು. ಐಟಿ ಕಾಯ್ದೆಯ 2008ರ ತಿದ್ದುಪಡಿ, ಮುಖ್ಯವಾಗಿ, ವಿಷಯ ತಿಳಿದ ಮೇಲೂ ತೆಗೆಯದ ತಾಣವನ್ನು ಹೊಣೆಯಾಗಿಸಿತು. ತಿಳಿಯುವುದೆಂದರೆ ನ್ಯಾಯಾಲಯದ ಅಥವಾ ಸರ್ಕಾರದ ಆದೇಶ ತಲುಪುವುದು ಎಂದು 2015ರಲ್ಲಿ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿತು. ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಇದು ಒಳ್ಳೆಯದೇ. ಗಂಟೆಗೊಮ್ಮೆ ಹೊಸ ನಂಬರಿನಲ್ಲಿ ಜಾಹೀರಾತು ಹಾಕುವವನಿಗೂ ಒಳ್ಳೆಯದೇ ಆಯಿತು!

ಇತ್ತ ಅನೈತಿಕ ಸಾಗಣೆ ತಡೆಯ 1956ರ ಕಾಯ್ದೆಯ ಕಣ್ಣೆದುರು ಇದ್ದದ್ದು ಮನೆ, ಲಾಡ್ಜು, ಬೀದಿ. ದೇವಸ್ಥಾನ, ಶಾಲೆ, ಆಸ್ಪತ್ರೆಗಳಿಂದ 200 ಮೀಟರ್ ಎಂದು ಅದು ಅಳೆಯುತ್ತದೆ. ಮೊಬೈಲಿನಲ್ಲಿ ಆ ಟೇಪು ಎಲ್ಲಿ ಹಿಡಿಯುವುದು?

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ತಾಲ್ಲೂಕುಗಳೂ ಇಂಥ ಜಾಹೀರಾತು ತಾಣಗಳ ಊರಪಟ್ಟಿಗೆ ಸೇರಿದವು. ತುಮಕೂರು, ಗುಬ್ಬಿ, ಕುಣಿಗಲ್ ಎಂದು ಪುಟಗಳು ಬೇರೆ ಬೇರೆಯಾದರೂ ಒಕ್ಕಣೆ ಒಂದೇ. ಇಂಥವುಗಳಲ್ಲಿ ಎಷ್ಟೋ ಶುದ್ಧ ಟೋಪಿ: ಯುಪಿಐನಲ್ಲಿ ‘ಅಡ್ವಾನ್ಸ್’ ಹಾಕಿಸಿಕೊಂಡು ನಂಬರ್ ಬ್ಲಾಕ್. ಕಳೆದುಕೊಂಡವನು ಮರ್ಯಾದೆಗಂಜಿ ಬಾಯಿ ಬಿಡುವುದಿಲ್ಲ. ಜಾಹೀರಾತಿಗೆ ಅಂಟಿಸುವ ಫೋಟೊ ಮಾತ್ರ ಯಾರೋ ಹೆಣ್ಣುಮಗಳದು, ಇನ್‌ಸ್ಟಾಗ್ರಾಮಿನಿಂದ ಕದ್ದದ್ದು. ಇಂಥ ನಕಲಿ ಗುರುತಿನ ಮತ್ತು ನಗ್ನ ಚಿತ್ರಗಳ ವಿಷಯದಲ್ಲಿ, ದೂರು ಬಂದ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು 2021ರ ಐಟಿ ನಿಯಮ ಗಡುವು ಹಾಕಿತು. ಆಕೆಗೆ ಸಿಕ್ಕ ನಿಜವಾದ ಆಯುಧವೆಂದರೆ ಅದೊಂದೇ ಎನ್ನಬೇಕು.

ನನ್ನ ತಕರಾರು ಇನ್ನೊಂದು ಬಗೆಯ ಜಾಹೀರಾತಿನದು. ಮಾರುವ ಜಾಹೀರಾತಿನ ಬಗ್ಗೆ ಇಷ್ಟೆಲ್ಲ ಚರ್ಚಿಸಿದ ನಾವು, ಕರೆಸಿಕೊಳ್ಳುವ ಜಾಹೀರಾತನ್ನು ಗಮನಿಸಿದ್ದು ಕಡಿಮೆ. ‘ಸ್ಪಾಗೆ ಹುಡುಗಿಯರು ಬೇಕಾಗಿದ್ದಾರೆ, ಅನುಭವ ಬೇಡ, ಊಟ, ವಸತಿ ಉಚಿತ.’ ಅಶ್ಲೀಲ ಪದ ಒಂದೂ ಇಲ್ಲ; ಯಾವ ಫಿಲ್ಟರಿಗೂ ಸಿಗುವುದಿಲ್ಲ. ಇಂಥವುಗಳಲ್ಲಿ ಪ್ರಾಮಾಣಿಕವಾದವೂ ಇವೆ, ತೊಡಕು ಅಲ್ಲೇ ಇರುವುದು. ತುಮಕೂರಿನಿಂದ ಬೆಂಗಳೂರು 70 ಕಿ.ಮೀ., ಕುಣಿಗಲ್‌ನಿಂದಲೂ ಹೆಚ್ಚುಕಡಿಮೆ ಅಷ್ಟೇ; ಗುಬ್ಬಿಗೆ ರೈಲಿದೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ‘ಇಂಟರ್‌ವ್ಯೂ’. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು, ವಂಚಿಸಿ ಅಥವಾ ಆಮಿಷವೊಡ್ಡಿ ಶೋಷಣೆಗೆಂದು ನೇಮಿಸಿಕೊಳ್ಳುವುದನ್ನೇ ಸಾಗಣೆ ಎನ್ನುತ್ತದೆ. ಬಲಿಯಾದವಳು ಒಪ್ಪಿ ಹೊರಟಿದ್ದಳೆಂಬ ವಾದ ಅಲ್ಲಿ ನಡೆಯದು. ಶಿಕ್ಷೆ ಕನಿಷ್ಠ 7 ವರ್ಷ. ಆದರೆ ಆ ಕಲಮು ಕೈಗೆ ಬರುವುದು ಹಾನಿ ನಡೆದ ಮೇಲೆ. ಮೈಸೂರಿನ ಒಡನಾಡಿಯಂಥ ಸಂಸ್ಥೆಗಳ ರಕ್ಷಣಾ ಕೆಲಸ ಶುರುವಾಗುವುದೂ ಅಲ್ಲಿಂದಲೇ. ಲೋಕಸಭೆ 2018ರಲ್ಲಿ ಒಪ್ಪಿದ ಸಾಗಣೆ ತಡೆ ಮಸೂದೆ ರಾಜ್ಯಸಭೆ ದಾಟದೆ ಬಿದ್ದುಹೋಯಿತು.

ದುಬೈಗೆ ಆಳು ಕಳಿಸುವ ಏಜೆಂಟನಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಕಡ್ಡಾಯ. ಗುಬ್ಬಿಯಿಂದ ಬೆಂಗಳೂರಿಗೆ ಕರೆಸಿಕೊಳ್ಳುವವನಿಗೆ ಒಂದು ಸಿಮ್ ಇದ್ದರೆ ಸಾಕು. ಉದ್ಯೋಗ ವಿನಿಮಯ ಕಚೇರಿಗೆ ಇಂಥ ಜಾಹೀರಾತಿನ ಮಾಲೀಕನ ವಿಳಾಸ ಪರಿಶೀಲಿಸಿ ಹೇಳುವ ಕೆಲಸವನ್ನಾದರೂ ಒಪ್ಪಿಸಬಹುದು. ಅದಕ್ಕೆ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ.