ನಾಲ್ಕನೆಯ ತಿಂಗಳ ಇರುಳು

ಕೊಡಗಿನ ಇತಿಹಾಸವೆಂದೊಡನೆ ಹಾಲೇರಿಯ ಅರಸರು, 1834ರಲ್ಲಿ ಚಿಕ್ಕವೀರರಾಜೇಂದ್ರನು ಗದ್ದುಗೆ ಕಳೆದುಕೊಂಡುದು, ಅನಂತರದ ಇಂಗ್ಲಿಷರ ಆಳ್ವಿಕೆ, ಕಾಫಿಯ ತೋಟಗಳು, ಇವೇ ನಮ್ಮ ಕಣ್ಣಿಗೆ ಕಟ್ಟುತ್ತವೆ. ಅರಸನು ಯಾರೇ ಆಗಿದ್ದರೂ ಅವನ ನಾಡಿನ ಮನೆಮನೆಯಲ್ಲಿ ನಡುರಾತ್ರಿ ಕೂಸೊಂದು ಎಚ್ಚತ್ತು ಅತ್ತಿರಲೇಬೇಕು. ಅದನ್ನು ಎತ್ತಿಕೊಂಡವರು ಯಾರು ಎಂದು ಇತಿಹಾಸದ ಗ್ರಂಥಗಳು ಸಾಮಾನ್ಯವಾಗಿ ಕೇಳುವುದಿಲ್ಲ. ನಾನು ಈ ಹೊತ್ತು ಆ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇನೆ.

ಮಗು ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಅದಕ್ಕೆ ಹಗಲಿರುಳೆಂಬ ಭೇದವಿಲ್ಲ. ಎರಡು ಮೂರು ತಿಂಗಳು ಕಳೆಯುವಾಗ ಅನೇಕ ಮಕ್ಕಳು ಇರುಳಿನಲ್ಲಿ ನಾಲ್ಕಾರು ಗಂಟೆ ಒಂದೇ ಸಮನೆ ಮಲಗುತ್ತವೆ. ತಾಯಿ ‘ಅಬ್ಬ, ಬದುಕಿದೆ’ ಎಂದುಕೊಳ್ಳುತ್ತಾಳೆ. ನಾಲ್ಕನೆಯ ತಿಂಗಳು ಕಾಲಿಟ್ಟಿತೋ ಇಲ್ಲವೋ, ಅದೇ ಮಗು ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಎದ್ದು ರಾಗ ತೆಗೆಯುತ್ತದೆ. ಜ್ವರವಿಲ್ಲ, ಹೊಟ್ಟೆನೋವಿಲ್ಲ, ಹಾಲು ಕಡಿಮೆಯಾಗಿಲ್ಲ. ಇಂಗ್ಲಿಷಿನಲ್ಲಿ ಇದನ್ನು ‘ಸ್ಲೀಪ್ ರಿಗ್ರೆಶನ್’ ಎನ್ನುವುದು ರೂಢಿಯಾಗಿದೆ. ನಾವು ನಿದ್ದೆಯ ಹಿಂಜರಿಕೆ ಎನ್ನಬಹುದು. ಹೆಸರು ಹೊಸದಾದರೂ ಸಂಗತಿ ಹಳೆಯದೇ.

ನಮ್ಮ ಪ್ರಾಚೀನರು ಮಗುವಿನ ನಿದ್ದೆಯನ್ನು ಲಘುವಾಗಿ ಎಣಿಸಿರಲಿಲ್ಲ. ಮಲಗಿದ ಮಗುವನ್ನು ತಟ್ಟನೆ ಎಬ್ಬಿಸಬಾರದು, ಅದು ಬೆಚ್ಚುತ್ತದೆ, ಎಂದು ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ವಿಧಿಸಿದೆ. ಚರಕಸಂಹಿತೆಯಂತೂ ಶಿಶುವಿನ ಕೊಠಡಿ, ಹಾಸಿಗೆ, ಹೊದಿಕೆ, ಆಟಿಕೆ ಇವೆಲ್ಲವನ್ನೂ ವರ್ಣಿಸಿ, ಅಳುವ ಮಗುವನ್ನು ರಾಕ್ಷಸ ಪಿಶಾಚಿಗಳ ಹೆಸರು ಹೇಳಿ ಹೆದರಿಸಬಾರದೆಂದು ಎಚ್ಚರಿಸುತ್ತದೆ. ಈ ಎಚ್ಚರಿಕೆ ನಮ್ಮ ಅಡುಗೆಮನೆಗಳನ್ನು ತಲಪಲಿಲ್ಲವೆಂಬುದಕ್ಕೆ ಗುಮ್ಮನೇ ಸಾಕ್ಷಿ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣನು ತಾಯಿಯನ್ನು ಬೇಡಿಕೊಳ್ಳುವ ಪುರಂದರದಾಸರ ಹಾಡನ್ನು ಕೇಳದ ಕನ್ನಡಿಗರು ವಿರಳ. ಇನ್ನೊಂದು ಕಡೆ, ಮಗುವಿನ ಕಾರಣವಿಲ್ಲದ ಅಳುವನ್ನು ಗ್ರಹದ ಪೀಡೆಯೆಂದು ತಿಳಿದ ಪರಂಪರೆಯೂ ಉಂಟು. ಸುಮಾರು 1200ರ ಕಾಲದವನೆಂದು ಎಣಿಸಲಾದ ಜೈನ ದೇವೇಂದ್ರಮುನಿ ಕನ್ನಡದಲ್ಲಿ ರಚಿಸಿದ ಗ್ರಂಥದ ಹೆಸರೇ ‘ಬಾಲಗ್ರಹ ಚಿಕಿತ್ಸೆ’. ಕನ್ನಡ ಸಾಹಿತ್ಯಚರಿತ್ರೆಯ ತರಗತಿಗಳಲ್ಲಿ ನಾವು ಪಂಪ ರನ್ನರನ್ನು ದಾಟಿ ಬರುವಾಗ ಇಂತಹ ಪುಸ್ತಕವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಅಳುವ ಮಗುವಿನ ಮುಂದೆ ಕುಳಿತ ತಾಯಿಗೆ ಯಾವುದರ ಅಗತ್ಯ ಹೆಚ್ಚೆನಿಸಿತ್ತೋ ಊಹಿಸಿಕೊಳ್ಳಬಹುದು.

ಈ ಎಚ್ಚರದ ನಿಜವಾದ ಕಾರಣ ತಿಳಿಯತೊಡಗಿದುದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಷಿಕಾಗೋ ವಿಶ್ವವಿದ್ಯಾನಿಲಯದ ಕ್ಲೈಟ್‌ಮನ್ ಎಂಬ ವಿಜ್ಞಾನಿಯ ಬಳಿ ಸಂಶೋಧನೆಗೆ ಬಂದ ಅಸರಿನ್‌ಸ್ಕಿ ಎಂಬಾತ ಮಲಗಿದ ಕೂಸುಗಳ ರೆಪ್ಪೆಗಳನ್ನು ನೋಡುತ್ತ ಕೂತ. ಕೆಲವು ಹೊತ್ತು ರೆಪ್ಪೆಯ ಕೆಳಗೆ ಕಣ್ಣು ಚಲಿಸುತ್ತಿತ್ತು, ಕೆಲವು ಹೊತ್ತು ಸ್ತಬ್ಧವಾಗಿರುತ್ತಿತ್ತು. ಆ ಜಾಡನ್ನು ಹಿಡಿದು ಹೋದ ಅವರಿಬ್ಬರೂ 1953ರಲ್ಲಿ, ನಿದ್ದೆಯೆಂಬುದು ಒಂದೇ ಹದದ ಸ್ಥಿತಿಯಲ್ಲವೆಂದೂ ಅದರಲ್ಲಿ ಕಣ್ಣು ಚುರುಕಾಗಿ ಹೊರಳುವ ಒಂದು ಬಗೆ ಉಂಟೆಂದೂ ಪ್ರಕಟಿಸಿದರು. ಎರಡು ವರ್ಷಗಳ ಮೇಲೆ ಶಿಶುಗಳ ನಿದ್ದೆಯ ಆವರ್ತವನ್ನು ಕುರಿತೂ ಬರೆದರು. ಎಳೆಗೂಸಿನ ನಿದ್ದೆಯ ಒಂದು ಸುತ್ತು ಸುಮಾರು ಐವತ್ತು ಅರವತ್ತು ನಿಮಿಷ. ಮೊದಲ ತಿಂಗಳುಗಳಲ್ಲಿ ಅದರ ನಿದ್ದೆಯಲ್ಲಿ ಇರುವುದು ಮುಖ್ಯವಾಗಿ ಎರಡೇ ಬಗೆ. ಮೂರು ನಾಲ್ಕು ತಿಂಗಳ ಹೊತ್ತಿಗೆ ಮಿದುಳು ಬಲಿತು, ದೊಡ್ಡವರ ನಿದ್ದೆಯಲ್ಲಿರುವಂತೆ ಹಗುರ, ಗಾಢ ಎಂಬ ಹಂತಗಳು ಬೇರ್ಪಡುತ್ತವೆ. ಒಂದು ಸುತ್ತು ಮುಗಿದು ಇನ್ನೊಂದು ತೊಡಗುವ ಸಂಧಿಯಲ್ಲಿ ಎಚ್ಚರ ಮೇಲಕ್ಕೆ ಬರುತ್ತದೆ. ದೊಡ್ಡವರು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾರೆ, ಬೆಳಿಗ್ಗೆ ಅದರ ನೆನಪೂ ಇರುವುದಿಲ್ಲ. ಮಗುವಿಗೆ ಆ ವಿದ್ಯೆ ಇನ್ನೂ ಬಂದಿಲ್ಲ. ತೋಳಿನಲ್ಲಿ ಮಲಗಿದ್ದ ಕೂಸು ತೊಟ್ಟಿಲಿನಲ್ಲಿ ಕಣ್ಣು ತೆರೆದಾಗ ‘ನಾನೆಲ್ಲಿದ್ದೇನೆ’ ಎಂಬಂತೆ ಅಳುತ್ತದೆ. ಆದ್ದರಿಂದ ಹಿಂಜರಿಕೆಯೆಂಬ ಹೆಸರೇ ಅಷ್ಟೊಂದು ಸರಿಯಿಲ್ಲ. ಮಗು ಮುಂದಕ್ಕೆ ಹೆಜ್ಜೆಯಿಟ್ಟಿದೆ, ತಾಯಿಯ ನಿದ್ದೆ ಹಿಂದಕ್ಕೆ ಹೋಗಿದೆ.

ಲಂಡನ್ನಿನಲ್ಲಿ ಮೂರ್ ಮತ್ತು ಉಕೊ ಎಂಬಿಬ್ಬರು 160 ಶಿಶುಗಳನ್ನು ಅನುಸರಿಸಿ 1957ರಲ್ಲಿ ಒಂದು ಲೇಖನ ಪ್ರಕಟಿಸಿದರು. ಮೂರು ತಿಂಗಳಾಗುವ ಹೊತ್ತಿಗೆ ನೂರಕ್ಕೆ 70 ಮಕ್ಕಳು ಇರುಳಿನ ನಿದ್ದೆಗೆ ಒಗ್ಗಿದ್ದವು. ಆದರೆ ಹೀಗೆ ಒಗ್ಗಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮುಂದೆ ಮತ್ತೆ ಏಳತೊಡಗಿದವು. ನೂರಕ್ಕೆ ಹತ್ತು ಮಕ್ಕಳು ವರ್ಷ ತುಂಬುವವರೆಗೂ ಪೂರ್ತಿ ಇರುಳು ಮಲಗಲೇ ಇಲ್ಲ. ‘ನಿನ್ನ ಮಗು ಯಾಕೆ ಹೀಗೆ’ ಎಂದು ಕೇಳುವ ನೆರೆಹೊರೆಯವರಿಗೆ ಈ ಅಂಕಿಗಳನ್ನು ಓದಿ ಹೇಳಬೇಕೆನಿಸುತ್ತದೆ.

ಇಷ್ಟಾಗಿ, ಕಾರಣ ತಿಳಿಯದ ಕಾಲದಲ್ಲಿಯೂ ಇರುಳುಗಳು ಕಳೆದವಲ್ಲ! ಹೇಗೆ ಕಳೆದವು?

ಕನ್ನಡ ನಾಡಿನ ಬಹುಭಾಗದಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ವಾಡಿಕೆ. ಬಾಣಂತಿಯನ್ನು ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಗಂಡನ ಮನೆಗೆ ಕಳುಹಿಸುತ್ತಾರೆ. ಐದು ತಿಂಗಳು ಇರಿಸಿಕೊಂಡ ತವರಿನ ಲೆಕ್ಕವನ್ನು ನೋಡಿರಿ: ಆ ಕಠಿನವಾದ ನಾಲ್ಕನೆಯ ತಿಂಗಳು ತಾಯಿ, ಅಜ್ಜಿ, ಚಿಕ್ಕಮ್ಮಂದಿರ ನಡುವೆಯೇ ಕಳೆದುಹೋಗುತ್ತಿತ್ತು. ನಮ್ಮ ಪೂರ್ವಿಕರು ಮಿದುಳಿನ ಶಾಸ್ತ್ರ ಓದಿ ಹೀಗೆ ಏರ್ಪಾಟು ಮಾಡಿದರೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ನಮ್ಮಲ್ಲಿ ಈಗ ಬೇಕಾದಷ್ಟಿದ್ದಾರೆ. ಅನುಭವ ಮತ್ತು ಅನುಕೂಲ ಎರಡೂ ಕೂಡಿ ಬಂದವೆಂದರೆ ಸಾಕು.

ಕೊಡಗಿನಲ್ಲಿ ಇದಕ್ಕೆ ಒಕ್ಕದ ಆಧಾರವಿತ್ತು. ಒಂದು ಐನ್‌ಮನೆಯಲ್ಲಿ ಅಣ್ಣತಮ್ಮಂದಿರ ಸಂಸಾರಗಳು ಒಟ್ಟಿಗೆ ಬಾಳುತ್ತಿದ್ದ ಕಾಲವದು. ಗಂಡುಮಗು ಹುಟ್ಟಿದೊಡನೆ ಹರಳುಗಿಡದ ಕಡ್ಡಿಯ ಬಿಲ್ಲನ್ನೂ ಅದರ ಎಲೆಯ ತೊಟ್ಟಿನ ಬಾಣವನ್ನೂ ಅದರ ಕೈಗೆ ಮುಟ್ಟಿಸಿ, ಅಂಗಳದಲ್ಲಿ ಒಂದು ಗುಂಡು ಹಾರಿಸುವ ಕೊಡವರ ಸಂಪ್ರದಾಯವನ್ನು ರೆವರೆಂಡ್ ರಿಕ್ಟರ್ 1870ರ ತಮ್ಮ ಕೊಡಗಿನ ಕೈಪಿಡಿಯಲ್ಲಿ ದಾಖಲಿಸಿದ್ದಾರೆ. ಹನ್ನೆರಡನೆಯ ದಿನ ತಾಯಿಯೋ ಅಜ್ಜಿಯೋ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದನ್ನೂ ಹೇಳಿದ್ದಾರೆ. ಕೋವಿಯ ಸದ್ದಿನಿಂದ ಲೋಕಕ್ಕೆ ಸ್ವಾಗತಿಸಲ್ಪಟ್ಟ ಕೂಸಿಗೆ ಮುಂದೆ ಪಾತ್ರೆ ಬಿದ್ದರೂ ಎಚ್ಚರವಾಗುತ್ತಿತ್ತೆಂಬುದು ಬೇರೆ ಮಾತು. ನಾನು ಗಮನಕ್ಕೆ ತರಬಯಸುವುದು ಆ ತೊಟ್ಟಿಲಿನ ಸುತ್ತಲಿನ ಕೈಗಳನ್ನು. ಕಕ್ಕಡ ತಿಂಗಳ ಜಡಿಮಳೆ, ಹಗಲೂ ಇರುಳಿನಂತೆ ಕವಿದ ಮೋಡ, ಒಣಗದ ಬಟ್ಟೆ. ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಮಗುವಿನ ಬಟ್ಟೆಯನ್ನು ಒಣಗಿಸಬೇಕು, ನೀರು ಕಾಯಿಸಬೇಕು, ಕೂಸಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯಬೇಕು. ಇಷ್ಟನ್ನೂ ಒಬ್ಬಳೇ ಮಾಡಿ ಇರುಳೂ ಎಚ್ಚರವಿರಬೇಕಾದರೆ ಯಾವ ಹೆಣ್ಣು ಉಳಿದಾಳು? ಬೆಳಗಿನ ಜಾವ ಎಚ್ಚರವಾಗುವುದು ಮುದುಕರ ಸ್ವಭಾವ. ಎದ್ದ ಅಜ್ಜಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೈಯಾಲೆಯಲ್ಲಿ ಶತಪಥ ಹಾಕಿದರೆ ತಾಯಿಗೆ ಎರಡು ಗಂಟೆ ನಿದ್ದೆ ದೊರೆಯಿತು. ಗಂಡಸರಲ್ಲಿ ಅನೇಕರು ಸೈನ್ಯಕ್ಕೆ ಹೋದ ಮೇಲೂ ಕೊಡಗಿನ ಮನೆಗಳು ನಡೆದುದರ ಹಿಂದೆ ಇಂತಹ ಎಚ್ಚರಗಳಿವೆ.

ಈ ಚಿತ್ರವನ್ನು ಹೊಗಳುತ್ತ ನಿಲ್ಲುವುದು ಪ್ರಾಮಾಣಿಕವಾಗಲಾರದು. ಆ ಮನೆಗಳ ಗದ್ದೆಯಲ್ಲಿ, ಕೊಟ್ಟಿಗೆಯಲ್ಲಿ ದುಡಿಯುತ್ತಿದ್ದ ಯರವ, ಹೊಲೆಯ ಸಮುದಾಯಗಳ ಹೆಂಗಸರಿಗೂ ಕೂಸುಗಳಿದ್ದವು. ಅರಸರ ಕಾಲದಲ್ಲಿ ಅವರು ವಂಶಪಾರಂಪರ್ಯದ ಆಳುಗಳು. 1843ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತಾದರೂ ಜೀತವನ್ನು ರದ್ದುಗೊಳಿಸುವ ಕಾಯಿದೆ 1976ರವರೆಗೆ ಬರಬೇಕಾಯಿತು. ಬೆಳಕು ಹರಿಯುವ ಮೊದಲೇ ಪರರ ಕೆಲಸಕ್ಕೆ ಹೋಗಬೇಕಾದ ತಾಯಿಯ ಮಗುವಿನ ನಾಲ್ಕನೆಯ ತಿಂಗಳು ಹೇಗೆ ಕಳೆಯಿತೆಂಬುದನ್ನು ಯಾವ ಪಾದ್ರಿಯೂ ಬರೆದಿಡಲಿಲ್ಲ.

1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯ ಬಳಿ ಮೊದಲ ಐರೋಪ್ಯ ಕಾಫಿ ತೋಟವನ್ನು ತೆರೆದ. ತೋಟಗಳು ಹಬ್ಬಿದಂತೆ ಮೈಸೂರು ಸೀಮೆಯಿಂದ, ಘಟ್ಟದ ಕೆಳಗಿನಿಂದ ಕೂಲಿಗಳು ಬಂದರು. ಸಾಲುಮನೆಗಳು ಎದ್ದವು; ಅವಕ್ಕೆ ಜನರ ಬಾಯಲ್ಲಿ ‘ಲೈನ್’ ಎಂದೇ ಹೆಸರು. ಇಲ್ಲಿ ಅಜ್ಜಿಯಿಲ್ಲ, ಅತ್ತಿಗೆಯಿಲ್ಲ. ಒಂದು ಕೋಣೆ, ತೊಲೆಗೆ ಕಟ್ಟಿದ ಸೀರೆಯ ಜೋಲಿ. ಇರುಳಿಡೀ ಜೋಲಿ ತೂಗಿದವಳು ಬೆಳಿಗ್ಗೆ ಹಣ್ಣು ಕೊಯ್ಯಲು ಸಾಲಿನಲ್ಲಿ ನಿಲ್ಲಬೇಕು.

ದುಡಿಯುವ ತಾಯಿ ಎಲ್ಲೆಲ್ಲಿ ಒಂಟಿಯಾದಳೋ ಅಲ್ಲೆಲ್ಲ ಮಗುವಿಗೆ ಮಂಪರು ಬರಿಸುವ ಮದ್ದು ಕಾಣಿಸಿಕೊಂಡಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಗಾಡ್‌ಫ್ರೀ ಕಾರ್ಡಿಯಲ್ ಎಂಬ ಅಫೀಮಿನ ಪಾನಕವನ್ನು ಕೂಸುಗಳಿಗೆ ಕುಡಿಸುತ್ತಿದ್ದರು. ಮುಂಬೈಯ ಗಿರಣಿ ಕೇರಿಗಳಲ್ಲಿ ಅಫೀಮು ಸೇರಿಸಿದ ‘ಬಾಲಗೋಲಿ’ಗಳಿದ್ದವು. 1893ರಲ್ಲಿ ನೇಮಕವಾಗಿ 1895ರಲ್ಲಿ ವರದಿ ಕೊಟ್ಟ ಅಫೀಮು ಆಯೋಗದ ಮುಂದೆಯೂ ಈ ಅಭ್ಯಾಸದ ಮಾತು ಬಂದಿತು. ಎಷ್ಟೋ ಕೂಸುಗಳು ಆ ನಿದ್ದೆಯಿಂದ ಏಳಲಿಲ್ಲ. ಆ ತಾಯಂದಿರನ್ನು ನಿಂದಿಸುವುದು ಸುಲಭ. ಅವರಿಗೆ ಇನ್ನೊಂದು ಜೊತೆ ಕೈ ಇರಲಿಲ್ಲ, ಆ ಕೈಗಳ ಬದಲಿಗೆ ಗೋಲಿ ಬಂತು. ನಮ್ಮ ಮನೆಗಳಲ್ಲಿ ಬಜೆ, ಜಾಯಿಕಾಯಿಗಳನ್ನು ತೇಯ್ದು ನೆಕ್ಕಿಸುವ ರೂಢಿಯೂ ಉಂಟು. ಜಾಯಿಕಾಯಿ ಹದ ತಪ್ಪಿದರೆ ವಿಷವೇ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲಲ್ಲದೆ ಬೇರೇನೂ ಬೇಡವೆಂಬ ವೈದ್ಯರ ಮಾತನ್ನು ನಮ್ಮ ಅಜ್ಜಿಯಂದಿರ ಮೇಲಿನ ಗೌರವಕ್ಕೆ ಕುಂದಿಲ್ಲದೆ ಒಪ್ಪಬಹುದು.

ಪಶ್ಚಿಮದವರು ಕಂಡುಕೊಂಡ ಇನ್ನೊಂದು ದಾರಿ ಶಿಸ್ತು. ನ್ಯೂಯಾರ್ಕಿನ ಡಾಕ್ಟರ್ ಹೋಲ್ಟ್ 1894ರ ತಮ್ಮ ಪುಸ್ತಕದಲ್ಲಿ ಮಗುವನ್ನು ತೂಗುವುದನ್ನೇ ದುರಭ್ಯಾಸವೆಂದರು. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಗಡಿಯಾರ ನೋಡಿ ಹಾಲೂಡಿಸಿ, ಇರುಳು ಹಾಲು ಕೊಡಬೇಡಿರೆಂದು ಬೋಧಿಸಿದರು. ಜೋಗುಳವನ್ನೇ ಒಂದು ಸಾಹಿತ್ಯಪ್ರಕಾರವಾಗಿ ಬೆಳೆಸಿದ ಕನ್ನಡಿಗರಿಗೆ ಈ ಮತ ಕ್ರೂರವಾಗಿ ಕಂಡರೆ ಸೋಜಿಗವಿಲ್ಲ. 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ಸಂಕಲನವನ್ನು ತೆರೆದರೆ ಹಳ್ಳಿಯ ತಾಯಿ ಕೂಸಿನ ಅಳುವನ್ನು ಎಷ್ಟು ಬಗೆಯಾಗಿ ಕಂಡಿದ್ದಾಳೆಂಬುದು ತಿಳಿಯುತ್ತದೆ. ಜೋಗುಳ ಮಗುವಿಗಾಗಿ ಮಾತ್ರ ಹುಟ್ಟಿತೆಂದು ನನಗೆ ತೋರುವುದಿಲ್ಲ. ಹಾಡುವವಳನ್ನು ಎಚ್ಚರವಾಗಿಡುವ ಕೆಲಸವೂ ಅದರದೇ. ಹಾಗೆಂದು ಹೋಲ್ಟರ ಮಾತಿನಲ್ಲಿ ತಿರುಳೇ ಇಲ್ಲವೆನ್ನಲಾಗದು. ಪೂರ್ತಿ ನಿದ್ದೆ ಹತ್ತುವ ಮುನ್ನ, ಜೋಂಪು ಬಂದ ಹೊತ್ತಿನಲ್ಲಿ ಮಗುವನ್ನು ಹಾಸಿಗೆಗೆ ಇಳಿಸಿದರೆ, ನಡುವೆ ಎಚ್ಚರವಾದಾಗ ಅದು ತಾನಾಗಿ ಮಲಗುವುದನ್ನು ಮೆಲ್ಲಗೆ ಕಲಿಯುತ್ತದೆಂದು ಇಂದಿನ ಮಕ್ಕಳ ವೈದ್ಯರು ಹೇಳುತ್ತಾರೆ. ಹಗಲು ಬೆಳಕು, ಇರುಳು ಕತ್ತಲೆ, ಸಂಜೆ ನಿತ್ಯವೂ ಒಂದೇ ಕ್ರಮ, ಮಲಗಿಸುವಾಗ ಅಂಗಾತ, ಸುತ್ತ ದಿಂಬು ಮೆತ್ತೆಗಳಿಲ್ಲದ ಗಟ್ಟಿ ಹಾಸಿಗೆ, ಇಷ್ಟು ಮಾಡಿ ಕೆಲವು ವಾರ ತಾಳಬೇಕು. ಜ್ವರವಿದ್ದರೆ, ಮಗು ಹಾಲು ಬಿಟ್ಟರೆ, ತೂಕ ಏರದಿದ್ದರೆ ಮಾತ್ರ ತಾಳ್ಮೆ ತರವಲ್ಲ, ವೈದ್ಯರಲ್ಲಿಗೆ ಹೋಗಬೇಕು.

ಆದರೆ ತಾಳುವುದಕ್ಕೆ ಬಿಡುವು ಬೇಕಲ್ಲವೇ? ಈ ಬಿಡುವಿನ ಪ್ರಶ್ನೆಯನ್ನು ಕಾನೂನು ಕೈಗೆತ್ತಿಕೊಂಡುದು ಸ್ವಾತಂತ್ರ್ಯ ಬಂದ ಮೇಲೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ, ಐವತ್ತು ಮತ್ತು ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು ವಿಧಿಸಿತು. 1961ರ ಹೆರಿಗೆ ಸೌಲಭ್ಯ ಕಾಯಿದೆ ಹನ್ನೆರಡು ವಾರಗಳ ರಜೆಯನ್ನೂ, ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಕೆಲಸದ ನಡುವೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವುಗಳನ್ನೂ ಕೊಟ್ಟಿತು. ಹನ್ನೆರಡು ವಾರ ದೊಡ್ಡ ಉಪಕಾರವೇ. ಲೆಕ್ಕ ಹಾಕಿದರೆ ಮಾತ್ರ ಅದು ಮೂರು ತಿಂಗಳಿಗೆ ಮುಗಿಯುತ್ತದೆ. ಮಗು ಇರುಳೆಲ್ಲ ಏಳತೊಡಗುವ ಹೊತ್ತಿಗೆ ಸರಿಯಾಗಿ ತಾಯಿ ಕೆಲಸಕ್ಕೆ ಹಾಜರಾಗಬೇಕು. ಹೆರಿಗೆಗೆ ಮುಂಚೆ ಒಂದಿಷ್ಟು ವಾರ ತೆಗೆದುಕೊಂಡವಳಿಗೆ ಇನ್ನೂ ಬೇಗ. ತವರಿನ ಐದು ತಿಂಗಳು ಎಲ್ಲಿ, ಸರಕಾರದ ಮೂರು ತಿಂಗಳು ಎಲ್ಲಿ! 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಈ ಅವಧಿಯನ್ನು 26 ವಾರಗಳಿಗೆ ಏರಿಸಿದಾಗ, ನಾಲ್ಕನೆಯ ತಿಂಗಳು ಈ ಕಾಯಿದೆಯ ನೆರಳಿಗೆ ಬಂತು. ಲೆಕ್ಕದ ಪುಸ್ತಕದಲ್ಲಿ ಹೆಸರಿಲ್ಲದ ದಿನಗೂಲಿಯ ಹೆಂಗಸಿಗೆ ಹನ್ನೆರಡೂ ಇಲ್ಲ, ಇಪ್ಪತ್ತಾರೂ ಇಲ್ಲ.

ಶಿಶುವಿಹಾರದಲ್ಲಿ ಹಗಲು ಬಿಟ್ಟುಹೋದ ಕೂಸುಗಳ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಎದೆಹಾಲು ಕುಡಿಯುವ ಇಂತಹ ಮಕ್ಕಳಲ್ಲಿ ಕೆಲವು ಹಗಲು ಆಯಾಳ ಬಳಿ ಹೆಚ್ಚಾಗಿ ಮಲಗಿ, ಹಾಲನ್ನೂ ಕಡಿಮೆ ಕುಡಿದು, ತಾಯಿ ಬಂದ ಮೇಲೆ ಇರುಳೆಲ್ಲ ಎದ್ದು ಕುಡಿಯುತ್ತವೆ. ಅದನ್ನು ಹಟವೆನ್ನುವವರುಂಟು, ಬಾಲಗ್ರಹವೆನ್ನುವವರು ಈಗಲೂ ಉಂಟು. ಆ ಕೂಸಿಗೆ ತಾಯಿ ಸಿಗುವುದು ಇರುಳಿನಲ್ಲಿ ಮಾತ್ರ.