ಅವರು ಅಗೆಯೋ ಮುಂಚೆ ನಮ್ಮ ಕಡತ ನಾವೇ ತೆಗೆಯೋಣ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಸಾಮಾನ್ಯ ಕ್ಷೇತ್ರಗಳು. ಎಚ್.ಡಿ. ಕೋಟೆ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಂದ್ರೆ ಇಲ್ಲಿ ನಮ್ಮ ಕೇರಿ ಮಕ್ಕಳು ಶಾಸಕರಾಗ್ಬೇಕಂದ್ರೆ ಸಾಮಾನ್ಯ ಕ್ಷೇತ್ರದಲ್ಲೇ ನಿಲ್ಲಬೇಕು. ನಿಂತ ದಿನವೇ ಎದುರಾಳಿ ಹಳೇ ಕಡತ ಹುಡುಕ್ತಾನೆ.

ಹಿಂದೆ ಅಭ್ಯರ್ಥಿಯ ಕೇಸು, ಆಸ್ತಿ, ಸಾಲ ಮತದಾರರಿಗೆ ಗೊತ್ತಾಗ್ತಿರಲಿಲ್ಲ. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಅಫಿಡವಿಟ್ ಕಡ್ಡಾಯವಾಯ್ತು. ಅದು ಜನರ ಗೆಲುವು. ಆದ್ರೆ ಆ ಹಾಳೆಯಲ್ಲಿ ದರೋಡೆ ಕೇಸೂ ಒಂದು ಸಾಲು, ಸ್ಮಶಾನದ ಜಾಗಕ್ಕಾಗಿ ರಸ್ತೆಯಲ್ಲಿ ಕೂತ ಕೇಸೂ ಒಂದು ಸಾಲು. ನನ್ನ ಮೇಲೂ ಅಂಥದ್ದಿತ್ತು. ಖುಲಾಸೆಯಾದರೂ ತೀರ್ಪಿನ ಪ್ರತಿ ತೆಗೆದಿಡಲಿಲ್ಲ. ವರ್ಷಗಟ್ಟಲೆ 'ರೌಡಿ' ಅನ್ನಿಸಿಕೊಂಡೆ.

ಮೀಸಲು ಕ್ಷೇತ್ರದಲ್ಲಿ ಜಾತಿ ಪ್ರಮಾಣಪತ್ರವನ್ನೇ ಮೊದಲು ಕೆದಕ್ತಾರೆ. ಮುಳಬಾಗಿಲಿನಿಂದ 2013ರಲ್ಲಿ ಗೆದ್ದ ಕೊತ್ತೂರು ಮಂಜುನಾಥ್ ಅವರ ಆಯ್ಕೆಯನ್ನು ಹೈಕೋರ್ಟ್ 2018ರಲ್ಲಿ ಇದೇ ಕಾರಣಕ್ಕೆ ಅಸಿಂಧುಗೊಳಿಸಿತು.

ಅದಕ್ಕೇ, ನಿಲ್ಲೋ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಈಗಲೇ ಠಾಣೆಗೆ, ಕೋರ್ಟಿಗೆ ಹೋಗಿ ಎಫ್‌ಐಆರ್, ತೀರ್ಪಿನ ಪ್ರತಿ ತಗೊಳ್ಳಿ. ಪಹಣಿ, ಸೊಸೈಟಿ ಸಾಲ, ಮನೆಯವರ ಆಸ್ತಿ ಸರಿಯಾಗಿ ಬರೀರಿ. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ಹೋರಾಟದ ಕೇಸು ಯಾಕೆ ಬಿತ್ತು ಅಂತ ಊರೂರಲ್ಲಿ ನಾವೇ ಮೊದಲು ಹೇಳೋಣ. ಅದರಲ್ಲಿ ನಾಚಿಕೆ ಪಡೋದೇನಿದೆ?