ಆನ್‌ಲೈನ್ ಸಹಬರವಣಿಗೆ: ಉಡುಪಿ ಸೀಮೆಯ ಕಾಲೇಜುಗಳಲ್ಲಿ

ಒಂದೇ ಕಡತವನ್ನು ಹಲವರು ತಂತಮ್ಮ ಊರಲ್ಲೇ ಕೂತು, ಒಂದೇ ಹೊತ್ತಿಗೆ ಬರೆದು ತಿದ್ದುವ ಪದ್ಧತಿ. ವಿದ್ಯಾರ್ಥಿಗಳು ಇದಕ್ಕೆ ಬೇರೆ ಹೆಸರಿಟ್ಟಿಲ್ಲ. ‘ಡಾಕ್ಸ್ ಲಿಂಕ್ ಗ್ರೂಪಿಗೆ ಹಾಕು’ ಎಂದರೆ ಮುಗಿಯಿತು. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಾಲೇಜುಗಳಲ್ಲಿ ಗುಂಪು ಅಸೈನ್‌ಮೆಂಟು, ಸೆಮಿನಾರು, ಕೊನೆಯ ವರ್ಷದ ಪ್ರಾಜೆಕ್ಟ್ ವರದಿಗಳು ಈಗ ಬಹುಮಟ್ಟಿಗೆ ಹೀಗೆಯೇ ತಯಾರಾಗುತ್ತವೆ.

ಕೂಡಿ ಬರೆಯುವುದು ಉಡುಪಿಗೆ ಹೊಸತೇನಲ್ಲ. ಇಲ್ಲಿನ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ 1979ರಲ್ಲಿ ಶುರುವಾದ ತುಳು ನಿಘಂಟಿನ ಕೆಲಸ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳಾಗಿ ಮುಗಿದದ್ದು 1997ರಲ್ಲಿ. ಆ ಕಾಲದಲ್ಲಿ ಹಲವರ ಬರಹ ಒಂದೆಡೆ ಸೇರಬೇಕಾದರೆ ಕಾಗದವೋ ಮನುಷ್ಯನೋ ಪ್ರಯಾಣ ಮಾಡಲೇಬೇಕಿತ್ತು.

ಕಾಲೇಜು ಮಕ್ಕಳ ಪಾಡೂ ಅದೇ. ಮಣಿಪಾಲದ ಎಂ.ಐ.ಟಿ. 1957ರದ್ದು, ಕಾರ್ಕಳ ತಾಲೂಕಿನ ನಿಟ್ಟೆಯ ಇಂಜಿನಿಯರಿಂಗ್ ಕಾಲೇಜು 1986ರದ್ದು, ಕಾಪು ಬಳಿಯ ಬಂಟಕಲ್ಲಿನದು 2010ರದ್ದು. ಕಾಲೇಜು ಯಾವುದಾದರೂ, ಹಾಸ್ಟೆಲಿನವರು ರಾತ್ರಿ ಒಂದು ಕೋಣೆಯಲ್ಲಿ ಸೇರಬಹುದಿತ್ತು. ಮನೆಯಿಂದ ಬಸ್ಸಿನಲ್ಲಿ ಬಂದು ಹೋಗುವವರಿಗೆ ಆ ಅನುಕೂಲವಿರಲಿಲ್ಲ. ಯಾರ ಮನೆಯಲ್ಲಿ ಕಂಪ್ಯೂಟರ್ ಇದೆಯೋ ಅವರ ತಲೆಗೆ ಜೋಡಿಸುವ ಕೆಲಸ. ಮೊದಲು ಫ್ಲಾಪಿ, ಆಮೇಲೆ ಪೆನ್‌ಡ್ರೈವ್, ಅದರೊಳಗೆ ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂಬ ಕಡತಗಳು, ಜೊತೆಗೊಂದು ವೈರಸ್ಸು. ನಾಲ್ವರು ಬರೆದ ನಾಲ್ಕು ಅಧ್ಯಾಯಗಳು ನಾಲ್ಕು ಫಾಂಟಿನಲ್ಲಿರುತ್ತಿದ್ದವು. ಯಾರದು ಯಾವುದೆಂದು ಗೈಡಿಗೆ ಗೊತ್ತಾಗುತ್ತಿದ್ದದ್ದು ಅದರಿಂದಲೇ.

ಆನ್‌ಲೈನ್ ಸಹಬರವಣಿಗೆಯ ತಾಂತ್ರಿಕ ಬೇರುಗಳು ಹೊರದೇಶದವು. 1968ರ ಡಿಸೆಂಬರ್ 9ರಂದು ಡಗ್ಲಸ್ ಎಂಗೆಲ್‌ಬಾರ್ಟ್, ದೂರದಲ್ಲಿದ್ದ ಸಹೋದ್ಯೋಗಿಯೊಡನೆ ಒಂದೇ ಪರದೆಯ ಮೇಲೆ ಕೆಲಸ ಮಾಡಿ ತೋರಿಸಿದರು. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿ, ಅಂದರೆ ಓದುಗರೇ ತಿದ್ದಬಹುದಾದ ಜಾಲತಾಣ, ಮಾಡಿದರು. ‘ರೈಟ್ಲಿ’ ಎಂಬ ಜಾಲತಾಣವನ್ನು 2006ರಲ್ಲಿ ಗೂಗಲ್ ಕೊಂಡುಕೊಂಡಿತು. ಅದೇ ಗೂಗಲ್ ಡಾಕ್ಸ್ ಆಯಿತು. ಇಬ್ಬರು ಒಟ್ಟಿಗೆ ತಿದ್ದಿದರೆ ಬರಹ ಕಲಸುಮೇಲೋಗರ ಆಗದಂತೆ ನೋಡಿಕೊಳ್ಳುವ ಸೂತ್ರವನ್ನು ಎಲಿಸ್ ಮತ್ತು ಗಿಬ್ಸ್ 1989ರಲ್ಲೇ ಹೇಳಿದ್ದರು. ಸಾಲಿನ ಹತ್ತನೆಯ ಅಕ್ಷರವನ್ನು ನೀವು ಅಳಿಸುತ್ತೀರಿ, ಅದೇ ಕ್ಷಣ ಗೆಳತಿ ಸಾಲಿನ ಆರಂಭಕ್ಕೆ ಐದಕ್ಷರ ಸೇರಿಸುತ್ತಾಳೆ ಎನ್ನಿ. ನಿಮ್ಮ ‘ಹತ್ತು’ ಈಗ ಹದಿನೈದಾಗಿದೆ ಎಂದು ಯಂತ್ರ ಲೆಕ್ಕ ಸರಿಪಡಿಸಿಕೊಂಡು, ಸರಿಯಾದ ಅಕ್ಷರವನ್ನೇ ತೆಗೆಯುತ್ತದೆ.

ಈ ಪದ್ಧತಿ ಇಲ್ಲಿ ಮೊದಲು ಒಗ್ಗಿದ್ದು ಇಂಜಿನಿಯರಿಂಗ್‌ನವರಿಗೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಲಿಪಿಯ ತೊಡಕಿಲ್ಲ. ಪ್ರೋಗ್ರಾಮ್ ಬರೆಯುವವರಿಗಂತೂ 2008ರಿಂದ ಗಿಟ್‌ಹಬ್ ಇತ್ತು. ಕನ್ನಡದಲ್ಲಿ ಬರೆಯುವವರು ಹಿಂದೆ ಬಿದ್ದರು. ಅದಕ್ಕೆ ಸೋಮಾರಿತನ ಕಾರಣವಲ್ಲ, ಫಾಂಟು ಕಾರಣ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪುಟವನ್ನು ಡಾಕ್ಸಿಗೆ ಅಂಟಿಸಿದರೆ ಕಾಣುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳು, ಕೊಂಬು ಮೂಡಿದ ಚಿಹ್ನೆಗಳು, ನಡುವೆ ಪ್ರಶ್ನಾರ್ಥಕ. ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿದರೂ ಒತ್ತಕ್ಷರಗಳನ್ನು ಕೈಯಾರೆ ನೋಡಬೇಕಿತ್ತು. ಮೊಬೈಲಿನಲ್ಲಿ ಯೂನಿಕೋಡ್ ಕೀಲಿಮಣೆ ಬಂದ ಮೇಲೆಯೇ ಈ ಕಂದಕ ಮುಚ್ಚಿದ್ದು. ಈ ಚರಿತ್ರೆಯಲ್ಲಿ ಯಾವ ಆ್ಯಪ್‌ಗಿಂತಲೂ ದೊಡ್ಡ ತಿರುವು ಅದೇ ಎನ್ನಬೇಕು. ಕೂಡಿ ಬರೆಯುವ ಇನ್ನೊಂದು ತಾಣವಾದ ತುಳು ವಿಕಿಪೀಡಿಯ 2016ರ ಆಗಸ್ಟ್‌ನಲ್ಲಿ ಹೊರಬಂತು; ನೆರೆಯ ಮೂಡಬಿದಿರೆಯ ಆಳ್ವಾಸ್ ಕಾಲೇಜಿನ ವಿದ್ಯಾರ್ಥಿಗಳೂ ವಿಕಿಗೆ ಬರೆದವರೇ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಕಾಲೇಜುಗಳು ಮುಚ್ಚಿದಾಗ, ಅಲ್ಲಿಯವರೆಗೆ ಅನುಕೂಲವಷ್ಟೇ ಆಗಿದ್ದದ್ದು ಅನಿವಾರ್ಯವಾಯಿತು. ಆದರೆ ಘಟ್ಟದ ಬುಡದ ಮಾಳದ ಕಡೆಯವರಿಗೂ ಮಣಿಪಾಲದ ಟೈಗರ್ ಸರ್ಕಲ್ ಬಳಿ ಇರುವವರಿಗೂ ಒಂದೇ ನೆಟ್‌ವರ್ಕ್ ಅಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ; ಅಂಥವರು ಸಿಗ್ನಲ್ ಸಿಕ್ಕಾಗ ವಾಟ್ಸಾಪಿಗೆ ಕಳಿಸಿದ್ದನ್ನು ಇನ್ನೊಬ್ಬರು ಡಾಕ್ಸಿಗೆ ಅಂಟಿಸುತ್ತಾರೆ. ಹೀಗಾದಾಗ ಕಡತದ ಇತಿಹಾಸದಲ್ಲಿ ದಾಖಲಾಗುವುದು ಅಂಟಿಸಿದವರ ಹೆಸರು, ಬರೆದವರದ್ದಲ್ಲ.

ಈ ಇತಿಹಾಸದ ಪುಟವೇ ಪದ್ಧತಿಯ ನಿಜವಾದ ಹೊಸತನ. ಯಾರು, ಯಾವಾಗ, ಎಷ್ಟು ಬರೆದರು ಎಂಬುದು ಅಲ್ಲಿ ಉಳಿಯುತ್ತದೆ. 2021-22ರಲ್ಲಿ ರಾಜ್ಯದ ಪದವಿ ಕಾಲೇಜುಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ಆಂತರಿಕ ಅಂಕ ನೂರಕ್ಕೆ 40 ಆದಾಗ ಇಂಥ ಲೆಕ್ಕಕ್ಕೆ ಬೆಲೆ ಬರಬೇಕಿತ್ತು. ಅದನ್ನು ತೆರೆದು ನೋಡಿ ಅಂಕ ಹಂಚುವ ಮೇಷ್ಟ್ರುಗಳು ಮಾತ್ರ ಕಡಿಮೆ. ಎಷ್ಟೋ ವಿಭಾಗಗಳು ಇಂದಿಗೂ ಕೇಳುವುದು ಮುದ್ರಿಸಿ, ಬೈಂಡ್ ಮಾಡಿಸಿ, ಗೈಡ್ ಸಹಿ ಹಾಕಿದ ಪ್ರತಿಯನ್ನೇ. ಆ ಪ್ರತಿಯ ಮೊದಲ ಪುಟದಲ್ಲಿ ಹೆಸರುಗಳು ರೋಲ್ ನಂಬರಿನ ಕ್ರಮದಲ್ಲಿರುತ್ತವೆ.